ಬೆಂಗಳೂರಿನಲ್ಲಿ ಕಡಿಮೆ ದುಡ್ಡಿಗೆ ಚೆನ್ನಾಗಿ ತಿನ್ನುವುದು ಹೇಗೆ: ಹೋಟೆಲಿನ ಲೆಕ್ಕ ಓದುವ ಬಗೆ

ಬೆಂಗಳೂರಿಗೆ ಕೆಲಸಕ್ಕೋ ಓದಿಗೋ ಬಂದವರ ತಿಂಗಳ ಲೆಕ್ಕ ನೋಡಿ. ಬಾಡಿಗೆ ಬಿಟ್ಟರೆ ಮುಂದಿನ ದೊಡ್ಡ ಖರ್ಚು ಹೊರಗಿನ ತಿಂಡಿ, ಊಟ. ಹಾಗಂತ ಚೆನ್ನಾಗಿ ತಿಂದಿರುತ್ತಾರಾ ಅಂದರೆ ಅದೂ ಇಲ್ಲ. ಫೋನಿನಲ್ಲಿ ಹುಡುಕಿದರೆ ಅವೇ ಹತ್ತು ಹೆಸರು ಬರುತ್ತವೆ. ಅಲ್ಲಿಗೆ ಹೋದರೆ ಉದ್ದದ ಕ್ಯೂ. ಬೇಸತ್ತು ಆ್ಯಪ್‌ನಲ್ಲಿ ತರಿಸಿದರೆ ಮೆತ್ತಗಾದ ದೋಸೆ, ಅದರ ಮೇಲೆ ಡೆಲಿವರಿ ಚಾರ್ಜು. ತಮ್ಮದೇ ಬೀದಿಯ ತಿರುವಿನಲ್ಲಿ ಆಟೋದವರು ದಿನಾ ನಿಂತು ತಿನ್ನುವ ಹೋಟೆಲು ಮಾತ್ರ ಕಣ್ಣಿಗೇ ಬಿದ್ದಿರುವುದಿಲ್ಲ.

ಇಲ್ಲಿ ನಾನು 'ಟಾಪ್ ಟೆನ್' ಪಟ್ಟಿ ಕೊಡುವುದಿಲ್ಲ. ಅಂಥ ಪಟ್ಟಿ ಬೇಗ ಹಳತಾಗುತ್ತದೆ. ಭಟ್ಟರು ಬಿಟ್ಟು ಹೋಗುತ್ತಾರೆ, ಮಾಲೀಕರು ಬದಲಾಗುತ್ತಾರೆ, ಹೆಸರು ಅದೇ ಇದ್ದು ರುಚಿ ಬೇರೆಯಾಗಿರುತ್ತದೆ. ಅದರ ಬದಲು ಒಂದು ಹೋಟೆಲು ದುಡ್ಡು ಹೇಗೆ ಮಾಡುತ್ತದೆ ಅಂತ ನೋಡೋಣ. ಅದು ಗೊತ್ತಾದರೆ ಯಾವ ಬಡಾವಣೆಯಲ್ಲಿ ನಿಂತರೂ ಎಲ್ಲಿ, ಯಾವ ಹೊತ್ತಿಗೆ, ಏನು ತಿನ್ನಬೇಕು ಅಂತ ನೀವೇ ಊಹಿಸಬಹುದು.

ನಿಂತು ತಿಂದರೆ ಯಾಕೆ ಅಗ್ಗ

ಒಂದು ಚಿಕ್ಕ ಲೆಕ್ಕ ಹಾಕೋಣ. ಅಂಕಿಗಳು ಊಹೆಯವು, ವಿಷಯ ಸುಲಭವಾಗಲಿ ಅಂತ ಇಟ್ಟುಕೊಂಡಿದ್ದು. ಮುಖ್ಯ ರಸ್ತೆಯಲ್ಲಿ ಒಂದು ಮಳಿಗೆ. ತಿಂಗಳ ಬಾಡಿಗೆ 1.5 ಲಕ್ಷ ರೂಪಾಯಿ. ಅಂದರೆ ದಿನಕ್ಕೆ 5,000. ಆ ಜಾಗದಲ್ಲಿ ಮೇಜು ಕುರ್ಚಿ ಹಾಕಿದರೆ ಮೂವತ್ತು ಜನ ಕೂರಬಹುದು. ಬಂದವರು ಮುಕ್ಕಾಲು ಗಂಟೆ ಏಳುವುದಿಲ್ಲ. ಬೆಳಗಿನಿಂದ ರಾತ್ರಿವರೆಗೆ 200 ಜನ ಬಂದರು ಅಂದುಕೊಳ್ಳಿ. ಒಬ್ಬೊಬ್ಬರ ತಲೆಯ ಮೇಲೆ ಬಾಡಿಗೆಯೇ 25 ರೂಪಾಯಿ ಬಿತ್ತು. ಇನ್ನೂ ಅಕ್ಕಿ, ಬೇಳೆ, ಗ್ಯಾಸು ಯಾವುದೂ ಲೆಕ್ಕಕ್ಕೆ ಬಂದಿಲ್ಲ.

ಈಗ ಕುರ್ಚಿ ತೆಗೆದುಹಾಕಿ. ಎದೆಮಟ್ಟದ ನಾಲ್ಕು ಸ್ಟೀಲ್ ಮೇಜು ಇಡಿ. ಜನ ಬರುತ್ತಾರೆ, ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳುತ್ತಾರೆ, ಕೌಂಟರಿನಲ್ಲಿ ತಟ್ಟೆ ಹಿಡಿಯುತ್ತಾರೆ, ಹತ್ತು ನಿಮಿಷದಲ್ಲಿ ಕಾಫಿ ಮುಗಿಸಿ ಹೊರಟಿರುತ್ತಾರೆ. ದಿನಕ್ಕೆ 1,000 ಜನ ಆರಾಮಾಗಿ ಹಿಡಿಸುತ್ತಾರೆ. ಬಾಡಿಗೆಯ ಪಾಲು ತಲೆಗೆ 5 ರೂಪಾಯಿಗೆ ಇಳಿಯಿತು. ಸಪ್ಲೈಯರ್‌ಗಳು ಬೇಕಿಲ್ಲ, ಬಿಲ್ಲು ತಂದುಕೊಡುವವರು ಬೇಕಿಲ್ಲ, ತಟ್ಟೆ ಎತ್ತುವವರು ಒಬ್ಬಿಬ್ಬರು ಸಾಕು.

ಬೆಂಗಳೂರಿನ ದರ್ಶಿನಿಗಳ ಗುಟ್ಟು ಇಷ್ಟೇ. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ಕೆಫೆ ದರ್ಶಿನಿ ಶುರು ಮಾಡಿದಾಗ ತಿಂಡಿಗಳೇನೂ ಹೊಸವಾಗಿರಲಿಲ್ಲ. ಇಡ್ಲಿ, ವಡೆ, ದೋಸೆ, ಕಾಫಿ ಉಡುಪಿ ಹೋಟೆಲುಗಳಲ್ಲಿ ಮೊದಲಿನಿಂದ ಇದ್ದವು. ಬದಲಾಗಿದ್ದು ಕೂರುವ ಪದ್ಧತಿ. ಆಮೇಲೆ ಊರು ತುಂಬ 'ದರ್ಶಿನಿ', 'ಸಾಗರ್' ಅಂತ ಕೊನೆಯಾಗುವ ಬೋರ್ಡುಗಳು ಎದ್ದವು. ಅವೆಲ್ಲ ಒಂದೇ ಮಾಲೀಕರವು ಅಂದುಕೊಳ್ಳಬೇಡಿ. ಎಸ್‌ಎಲ್‌ವಿ ಅನ್ನುವ ಹೆಸರೂ ಹಾಗೆಯೇ. ಗಲ್ಲಿಗೊಂದಿದೆ, ಮಾಲೀಕರು ಬೇರೆ ಬೇರೆ. ಒಂದು ಎಸ್‌ಎಲ್‌ವಿಯಲ್ಲಿ ಚಟ್ನಿ ಚೆನ್ನಾಗಿತ್ತು ಅಂತ ಇನ್ನೊಂದರಲ್ಲಿ ಅದನ್ನೇ ನಿರೀಕ್ಷಿಸಿದರೆ ನಿರಾಸೆಯಾಗಬಹುದು.

ಈ ಲೆಕ್ಕದಲ್ಲಿ ನಮಗೆ ಬೇಕಾದ ಇನ್ನೊಂದು ವಿಷಯ ಇದೆ. ಸಾವಿರ ಜನ ತಿನ್ನುವ ಕಡೆ ಏನೂ ಉಳಿಯುವುದಿಲ್ಲ. ಹಿಟ್ಟು ಹುಳಿಯಾಗುವ ಮೊದಲೇ ಖಾಲಿ. ಚಟ್ನಿಯನ್ನು ಬೆಳಗ್ಗೆ ಒಂದೇ ಹೊತ್ತಿನಲ್ಲಿ ಎರಡು ಮೂರು ಸಲ ರುಬ್ಬಬೇಕಾಗುತ್ತದೆ. ವಡೆ ಬಾಣಲೆಯಿಂದ ನೇರ ತಟ್ಟೆಗೆ ಬರುತ್ತದೆ. ಹಾಗಾಗಿ ಬೆಲೆ ಇಳಿಸುವ ಕಾರಣವೂ ರುಚಿ ಕೂಡಿಸುವ ಕಾರಣವೂ ಒಂದೇ: ವ್ಯಾಪಾರದ ಓಟ. ಅಗ್ಗವಾದದ್ದು ಚೆನ್ನಾಗಿರಲಾರದು ಅಂತ ಎಷ್ಟೋ ಜನ ನಂಬಿದ್ದಾರೆ. ಬಟ್ಟೆ, ಚಪ್ಪಲಿಯ ವಿಷಯದಲ್ಲಿ ಇರಬಹುದು. ಇಡ್ಲಿಯ ವಿಷಯದಲ್ಲಿ ಬಹಳ ಸಲ ಉಲ್ಟಾ. ದಿನಕ್ಕೆ ಮೂವತ್ತು ಪ್ಲೇಟ್ ಇಡ್ಲಿ ಮಾರುವ ಎ.ಸಿ. ರೆಸ್ಟೋರೆಂಟಿಗಿಂತ ಸಾವಿರಾರು ಇಡ್ಲಿ ಮಾರುವ ನಿಂತು ತಿನ್ನುವ ಹೋಟೆಲಿನ ಇಡ್ಲಿ ಮೃದುವಾಗಿರುತ್ತದೆ.

ಹಾಗಂತ ಬೆಲೆಗೆ ಒಂದು ತಳ ಇದ್ದೇ ಇದೆ. ಹೋಟೆಲಿನವರು ಬಳಸುವುದು 19 ಕೆ.ಜಿ.ಯ ವಾಣಿಜ್ಯ ಸಿಲಿಂಡರು. ಮನೆಯ 14.2 ಕೆ.ಜಿ. ಸಿಲಿಂಡರಿಗಿಂತ ಅದರ ದರ ಕೆ.ಜಿ. ಲೆಕ್ಕದಲ್ಲೂ ಜಾಸ್ತಿ, ಮತ್ತೆ ತಿಂಗಳ ಮೊದಲ ದಿನ ಅದು ಏರಿಳಿಯುತ್ತಿರುತ್ತದೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿತು. ಆ ಹೊತ್ತಿಗಾಗಲೇ ಕಾಫಿ ಬೀಜದ ಬೆಲೆ ಗಗನಕ್ಕೇರಿತ್ತು. ಹಾಗಾಗಿ ಕಾಫಿಗೆ ಎರಡು ಮೂರು ರೂಪಾಯಿ ಜಾಸ್ತಿ ಕೇಳಿದರೆ ಮಾಲೀಕರ ಮೇಲೆ ರೇಗುವುದು ನ್ಯಾಯವಲ್ಲ. ಬೆಲೆಯನ್ನು ಬಲವಂತವಾಗಿ ಕೆಳಗೆ ತಳ್ಳಿದರೆ ಏನಾಗುತ್ತದೆ ಅನ್ನುವುದಕ್ಕೆ ಈ ಊರಿನಲ್ಲೇ ಒಂದು ಕಥೆ ಇದೆ. 1924ರಲ್ಲಿ ಮಯ್ಯ ಸಹೋದರರು ಶುರು ಮಾಡಿದ ಹೋಟೆಲೇ ಇಂದಿನ ಎಂಟಿಆರ್. ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗಳಿಗೆ ಸರ್ಕಾರ ತೀರಾ ಕಡಿಮೆ ದರ ಕಟ್ಟಿತು. ಅವರು ಗುಣಮಟ್ಟ ಇಳಿಸಲು ಒಪ್ಪದೆ ಅದೇ ದರಕ್ಕೆ ಮಾರಿದರು. ಆಗುತ್ತಿದ್ದ ನಷ್ಟವನ್ನು ಬೋರ್ಡಿನಲ್ಲಿ ಬರೆದು ಹಾಕಿದರು. ಕೊನೆಗೆ ಬಾಗಿಲು ಹಾಕಿ, ತಿಂಡಿಯ ಪುಡಿ, ಮಿಕ್ಸ್ ಪ್ಯಾಕೆಟ್ ಮಾರುವ ಕಡೆ ತಿರುಗಿದರು. ಹೋಟೆಲು ಮತ್ತೆ ತೆರೆದದ್ದು ಕೆಲವು ವರ್ಷಗಳ ನಂತರ. ಸುತ್ತಲಿನ ಎಲ್ಲ ಹೋಟೆಲುಗಳಿಗಿಂತ ಅರ್ಧ ಬೆಲೆಗೆ ಯಾರಾದರೂ ಮಾರುತ್ತಿದ್ದರೆ ಖುಷಿಪಡುವ ಮೊದಲು ಎಣ್ಣೆ, ಬೇಳೆ, ತೆಂಗಿನಕಾಯಿ ಇವುಗಳಲ್ಲಿ ಯಾವುದಕ್ಕೆ ಕತ್ತರಿ ಬಿದ್ದಿದೆ ಅಂತ ಯೋಚಿಸಿ.

ಬೋರ್ಡಿನಲ್ಲಿ ಎಷ್ಟು ಸಾಲು

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಸಿಗುವುದು ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಜೊತೆಗೆ ಕಾಫಿ, ಟೀ. ಮುಗಿಯಿತು. ಸಾಂಬಾರ್ ಕೇಳಿದರೆ ಇಲ್ಲ. ಚಟ್ನಿ ಮಾತ್ರ ಎಷ್ಟು ಬೇಕಾದರೂ ಹಾಕುತ್ತಾರೆ. 1965ರಿಂದ ನಡೆಯುತ್ತಿರುವ ಆ ಪುಟ್ಟ ಜಾಗದ ಮುಂದೆ ಕಾರಿನವರೂ ಸೈಕಲ್ಲಿನವರೂ ಫುಟ್‌ಪಾತಿನ ಮೇಲೆ ತಟ್ಟೆ ಹಿಡಿದು ನಿಂತಿರುತ್ತಾರೆ. ಮಲ್ಲೇಶ್ವರದ ವೀಣಾ ಸ್ಟೋರ್ಸ್ ಕಥೆಯೂ ಹೆಚ್ಚುಕಮ್ಮಿ ಇದೇ.

ತಿಂಡಿ ನಾಲ್ಕೇ ಇದ್ದರೆ ನಾಲ್ಕೂ ಓಡುತ್ತವೆ. ಸಾಮಾನು ತರುವುದು ಸುಲಭ, ಹಾಳಾಗುವುದು ಕಡಿಮೆ, ಮಾಡುವವರ ಕೈ ಪಳಗಿರುತ್ತದೆ. ಬೋರ್ಡಿನಲ್ಲಿ ಇಡ್ಲಿಯಿಂದ ಹಿಡಿದು ಪನೀರ್ ಬಟರ್ ಮಸಾಲ, ಶೆಜ್ವಾನ್ ನೂಡಲ್ಸ್, ಪಿಜ್ಜಾವರೆಗೆ ನೂರೈವತ್ತು ಸಾಲು ಇದ್ದರೆ ಅದರಲ್ಲಿ ನಿಜವಾಗಿ ಓಡುವುದು ಹತ್ತೋ ಹದಿನೈದೋ. ಉಳಿದದ್ದು ಫ್ರಿಜ್ಜಿನಲ್ಲಿ ಕಾಯುತ್ತಿರುತ್ತದೆ. ಅಂಥ ಕಡೆ ಹೋಗಲೇಬಾರದು ಅಂತಲ್ಲ. ಓಡುವ ಹತ್ತು ಯಾವುವು ಅಂತ ಕಂಡುಕೊಂಡರೆ ಸಾಕು.

ಅದಕ್ಕೆ ಸುಲಭದ ದಾರಿ ಇದೆ. ಟೋಕನ್ ತೆಗೆದುಕೊಳ್ಳುವ ಮೊದಲು ಎರಡು ನಿಮಿಷ ಪಕ್ಕಕ್ಕೆ ನಿಂತು ಕೌಂಟರ್ ನೋಡಿ. ಕಾವಲಿಯ ಮೇಲೆ ಒಟ್ಟಿಗೆ ಎಷ್ಟು ದೋಸೆ ಬಿದ್ದಿವೆ? ಆರೆಂಟು ಬಿದ್ದಿದ್ದರೆ ದೋಸೆ ತೆಗೆದುಕೊಳ್ಳಿ. ಕಾವಲಿ ಖಾಲಿ ಇದ್ದು ಎಲ್ಲರ ಕೈಯಲ್ಲೂ ರೈಸ್‌ಬಾತ್ ಇದ್ದರೆ ಅವತ್ತಿಗೆ ರೈಸ್‌ಬಾತೇ ಸರಿ. ನಿಮಗೆ ಏನು ತಿನ್ನಬೇಕು ಅನಿಸಿದೆ ಅನ್ನುವುದಕ್ಕಿಂತ ಅಲ್ಲಿ ಏನು ಓಡುತ್ತಿದೆ ಅನ್ನುವುದು ಮುಖ್ಯ. ಗಲ್ಲಾದಲ್ಲಿ ಕೂತವರನ್ನು "ಸಾರ್, ಈಗ ಬಿಸಿ ಏನಿದೆ?" ಅಂತ ಕೇಳಿದರೂ ಆದೀತು. ನೂರಕ್ಕೆ ತೊಂಬತ್ತು ಸಲ ನಿಜ ಹೇಳುತ್ತಾರೆ. "ಇಲ್ಲಿ ಏನು ಚೆನ್ನಾಗಿದೆ?" ಅಂತ ಮಾತ್ರ ಕೇಳಬೇಡಿ. ಎಲ್ಲಾ ಚೆನ್ನಾಗಿದೆ ಅನ್ನುತ್ತಾರೆ, ಪಾಪ, ಇನ್ನೇನು ಹೇಳಿಯಾರು?

ದೊಡ್ಡ ಸಾಗರ್ ಹೋಟೆಲುಗಳಲ್ಲಿ ಮೂರು ನಾಲ್ಕು ಕೌಂಟರ್ ಇರುತ್ತವಲ್ಲ, ಅವುಗಳನ್ನು ಬೇರೆ ಬೇರೆ ಅಂಗಡಿಗಳು ಅಂತಲೇ ನೋಡಿ. ಎಷ್ಟೋ ಕಡೆ ಚಾಟ್ಸ್, ಜ್ಯೂಸ್ ಕೌಂಟರುಗಳನ್ನು ಬೇರೆಯವರೇ ನಡೆಸುತ್ತಾರೆ. ತಿಂಡಿ ಅದ್ಭುತವಾಗಿದ್ದ ಮಾತ್ರಕ್ಕೆ ಪಾನಿಪೂರಿಯೂ ಹಾಗೇ ಇರಬೇಕೆಂದಿಲ್ಲ.

ಯಾವ ಹೊತ್ತಿಗೆ ಏನು

ಒಂದೇ ಹೋಟೆಲು ಬೆಳಗ್ಗೆ ಏಳಕ್ಕೆ ಒಂದು ಥರ, ಹನ್ನೊಂದಕ್ಕೆ ಇನ್ನೊಂದು ಥರ. ಬಹಳ ಜನ ಇದನ್ನು ಗಮನಿಸುವುದಿಲ್ಲ, ಹನ್ನೊಂದೂವರೆಗೆ ಹೋಗಿ ಇಡ್ಲಿ ಗಟ್ಟಿ ಅಂತ ಬೈದುಕೊಳ್ಳುತ್ತಾರೆ.

ದರ್ಶಿನಿಗಳು ಸಾಮಾನ್ಯವಾಗಿ ಆರು, ಆರೂವರೆಗೆ ಬಾಗಿಲು ತೆಗೆಯುತ್ತವೆ. ವಾಕಿಂಗ್ ಮುಗಿಸಿದವರು, ಪೇಪರ್ ಹಾಕುವ ಹುಡುಗರು, ನೈಟ್ ಶಿಫ್ಟ್ ಮುಗಿಸಿದವರು ಬರುವ ಹೊತ್ತು ಅದು. ಏಳರಿಂದ ಒಂಬತ್ತೂವರೆವರೆಗೆ ಇಡ್ಲಿ, ವಡೆ, ಖಾರಾಬಾತ್‌ಗಳ ಕಾಲ. ಹಬೆಯ ಪಾತ್ರೆ ಒಂದರ ಹಿಂದೆ ಒಂದು ಇಳಿಯುತ್ತಿರುತ್ತದೆ. ಕಾಫಿಗೂ ಅದೇ ಒಳ್ಳೆಯ ಹೊತ್ತು, ಡಿಕಾಕ್ಷನ್ ಆಗಷ್ಟೇ ಇಳಿದಿರುತ್ತದೆ. ಹತ್ತರ ಮೇಲೆ ಇಡ್ಲಿ ಹಾಟ್‌ಬಾಕ್ಸಿನಲ್ಲಿ ಕೂರಲು ಶುರು. ಆ ಹೊತ್ತಿಗೆ ದೋಸೆಯೇ ವಾಸಿ, ಏನಿದ್ದರೂ ಕಣ್ಣೆದುರೇ ಹುಯ್ಯಬೇಕಲ್ಲ. ಹನ್ನೊಂದರ ನಂತರ ರೈಸ್‌ಬಾತ್ ಬರುತ್ತದೆ: ಪುಳಿಯೋಗರೆ, ವಾಂಗಿಬಾತ್, ಬಿಸಿಬೇಳೆಬಾತ್. ವಾರದ ಯಾವ ದಿನ ಯಾವ ಬಾತ್ ಅಂತ ಹೆಚ್ಚಿನ ಕಡೆ ಕಟ್ಟಿಟ್ಟಿರುತ್ತಾರೆ. ಒಂದು ಸಲ ಕೇಳಿಟ್ಟುಕೊಂಡರೆ ತಿಂಗಳುಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ಹನ್ನೆರಡೂವರೆಯಿಂದ ಎರಡೂವರೆ ಊಟದ ಹೊತ್ತು. ಹಸಿವು ಜೋರಾಗಿದ್ದು ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ದಿನದ ದೊಡ್ಡ ಹೊತ್ತನ್ನು ಮಧ್ಯಾಹ್ನಕ್ಕೇ ಇಟ್ಟುಕೊಳ್ಳಿ. ಮೀಲ್ಸಿಗೆ ಹೋಟೆಲಿನವರು ಇಡುವ ಲಾಭ ಕಡಿಮೆ, ಜನ ಜಾಸ್ತಿ. ಅನ್ನ, ಸಾರು, ಹುಳಿ, ಎರಡು ಪಲ್ಯ, ಮೊಸರು, ಹಪ್ಪಳ ಎಲ್ಲ ಸೇರಿ ಕೊಡುವ ದುಡ್ಡಿಗೆ ರಾತ್ರಿ ಎರಡು ರೋಟಿ, ಒಂದು ಬಟ್ಟಲು ಗ್ರೇವಿ ಬರುವುದೂ ಅನುಮಾನ. ರೆಸಿಡೆನ್ಸಿ ರಸ್ತೆಯ ನಾಗಾರ್ಜುನದಂಥ ಆಂಧ್ರ ಹೋಟೆಲುಗಳ ಬಾಳೆಎಲೆ ಊಟ ದರ್ಶಿನಿಯಷ್ಟು ಅಗ್ಗವಲ್ಲ. ಆದರೂ ಅನ್ನ, ಪಪ್ಪು, ಪುಡಿ, ತುಪ್ಪ ಬೇಕಾದಷ್ಟು ಹಾಕಿಸಿಕೊಂಡವರಿಗೆ ರಾತ್ರಿಯ ಊಟದ ನೆನಪೇ ಆಗುವುದಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿಯ ಉತ್ತರ ಕರ್ನಾಟಕದ ಖಾನಾವಳಿಗಳೂ ಊರಲ್ಲಿ ಅಲ್ಲಲ್ಲಿ ಇವೆ. ಅಲ್ಲೂ ಮಧ್ಯಾಹ್ನವೇ ಹೋಗಿ. ರೊಟ್ಟಿ ಬಡಿಯುವ ಸದ್ದು ಒಳಗಿನಿಂದ ಕೇಳುತ್ತಿದ್ದರೆ ಸರಿಯಾದ ಹೊತ್ತಿಗೇ ಬಂದಿದ್ದೀರಿ.

ಎರಡೂವರೆಯಿಂದ ನಾಲ್ಕರವರೆಗೆ ದರ್ಶಿನಿಗಳನ್ನು ಬಿಟ್ಟುಬಿಡಿ. ಭಟ್ಟರು ಕಾಲು ಚಾಚುವ ಹೊತ್ತು ಅದು. ನಾಲ್ಕಕ್ಕೆ ಬೋಂಡ, ಬಜ್ಜಿ, ಮದ್ದೂರು ವಡೆ ಏಳುತ್ತವೆ. ಅಯ್ಯಂಗಾರ್ ಬೇಕರಿಗಳಿಗೂ ಮಧ್ಯಾಹ್ನದ ಮೇಲೆ ಜೀವ ಬರುತ್ತದೆ. ಖಾರಾ ಬನ್, ಆಲೂ ಬನ್, ದಿಲ್‌ಪಸಂದ್ ಒಲೆಯಿಂದ ಯಾವಾಗ ಬರುತ್ತವೆ ಅಂತ ನಿಮ್ಮ ಬೀದಿಯ ಬೇಕರಿಯವರನ್ನು ಕೇಳಿಟ್ಟುಕೊಳ್ಳಿ. ಕತ್ತಲಾದ ಮೇಲೆ ವಿ.ವಿ. ಪುರದ ತಿಂಡಿ ಬೀದಿ ಇದೆಯಲ್ಲ, ಸಜ್ಜನ್‌ರಾವ್ ವೃತ್ತದ ಹತ್ತಿರ. ಅಲ್ಲಿ ಒಬ್ಬರೇ ಹೋದರೆ ಎರಡು ತಿಂಡಿಗೇ ಹೊಟ್ಟೆ ತುಂಬುತ್ತದೆ. ನಾಲ್ವರು ಹೋಗಿ ಒಂದೊಂದು ಪ್ಲೇಟನ್ನು ಹಂಚಿಕೊಂಡರೆ ಬೀದಿ ಪೂರ್ತಿ ಮುಗಿಸಬಹುದು. ಕಾಫಿಯಲ್ಲಿ ಬೈಟು ಹೇಳುವ ಊರು ನಮ್ಮದು, ದೋಸೆಯಲ್ಲಿ ಹಂಚಿಕೊಳ್ಳಲು ಸಂಕೋಚ ಯಾಕೆ?

ಕಾಲಮಾನವೂ ಲೆಕ್ಕಕ್ಕೆ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಸೊಗಡು ಅವರೆಕಾಯಿ ರಾಶಿ ಬೀಳುತ್ತದೆ. ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು, ಅವರೆಕಾಳು ಅಕ್ಕಿರೊಟ್ಟಿ ಆಗ ಅಗ್ಗವೂ ಹೌದು, ರುಚಿಯೂ ಹೌದು. ಜುಲೈಯಲ್ಲಿ ಯಾರಾದರೂ ಅವರೆಕಾಳು ದೋಸೆ ಕೊಟ್ಟರೆ ಆ ಕಾಳು ಎಲ್ಲಿಂದ ಬಂತು ಅಂತ ನಾನಂತೂ ಕೇಳುತ್ತೇನೆ.

ಹೆಸರಾದ ಹಳೆಯ ಹೋಟೆಲುಗಳಿಗೆ ಹೋಗುವುದಾದರೆ ರಜೆ ನೋಡಿಕೊಳ್ಳಿ. 1943ರಿಂದ ಗಾಂಧಿ ಬಜಾರಿನಲ್ಲಿರುವ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ. ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ವಿದ್ಯಾರ್ಥಿ ಭವನದ ಮುಂದೆ ನಿಲ್ಲುವುದು ತಿಂಡಿಗಿಂತ ಜಾತ್ರೆ ನೋಡಲು ಹೋದ ಹಾಗೆ. ಮಂಗಳವಾರ ಮಧ್ಯಾಹ್ನ ಮೂರಕ್ಕೆ ಹೋಗಿ. ಮಸಾಲೆ ದೋಸೆ ಅದೇ, ಬೆಲೆ ಅದೇ, ಕೂರಲು ಜಾಗ ಸಿಗುತ್ತದೆ. ಮಲ್ಲೇಶ್ವರದ ಸಿಟಿಆರ್‌ನ ಬೆಣ್ಣೆ ಮಸಾಲೆಗೂ ವಾರದ ನಡುವೆ ಹೋಗುವುದು ಕ್ಷೇಮ.

ಯಾರು ತಿನ್ನುತ್ತಿದ್ದಾರೆ

ಜನ ಇದ್ದ ಕಡೆ ಹೋಗಿ ಅನ್ನುವ ಮಾತು ಎಲ್ಲರಿಗೂ ಗೊತ್ತು. ಆದರೆ ಅದು ಅರ್ಧ ಸತ್ಯ. ಯಾವ ಜನ ಅನ್ನುವುದನ್ನೂ ನೋಡಬೇಕು.

ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಎದುರಿನ ಹೋಟೆಲು ಸದಾ ತುಂಬಿರುತ್ತದೆ. ಆದರೆ ಅಲ್ಲಿ ಇವತ್ತು ತಿಂದವರು ನಾಳೆ ಬರುವವರಲ್ಲ. ಸಾಂಬಾರ್ ನೀರಾಗಿದ್ದರೂ ನಾಳೆ ಇನ್ನೊಂದು ಬಸ್ಸಿನ ಜನ ಇಳಿದೇ ಇಳಿಯುತ್ತಾರೆ. ಬ್ಯಾಂಕಿನ ಗುಮಾಸ್ತರು, ಕೋರ್ಟಿನ ವಕೀಲರು, ಬಟ್ಟೆ ಅಂಗಡಿಯ ಹುಡುಗರು ದಿನಾ ತಿನ್ನುವ ಕಡೆ ಹಾಗೆ ನಡೆಯುವುದಿಲ್ಲ. ಎರಡು ದಿನ ಚಟ್ನಿ ಕೆಟ್ಟರೆ ಮೂರನೇ ದಿನ ಗಲ್ಲಾದ ಮುಂದೆಯೇ ಜಗಳ. ಹಾಗಾಗಿ ಹುಡುಕಬೇಕಾದದ್ದು ದಿನಾ ಬರುವವರು ತುಂಬಿರುವ ಜಾಗ. ಗುರುತಿಸುವುದು ಕಷ್ಟವಲ್ಲ. ಅವರು ಬೋರ್ಡ್ ನೋಡುವುದಿಲ್ಲ, ಚಿಲ್ಲರೆ ಕೈಯಲ್ಲೇ ಇರುತ್ತದೆ, ಕೌಂಟರಿನವರು ಅವರ ಮುಖ ನೋಡಿಯೇ "ಸ್ಟ್ರಾಂಗಾ?" ಅಂತ ಕಾಫಿ ಬೆರೆಸುತ್ತಾರೆ.

ಮೆಜೆಸ್ಟಿಕ್‌ನಲ್ಲಿ ಇಳಿದವರು ನಿಲ್ದಾಣದ ಎದುರೇ ತಿನ್ನದೆ ಗಾಂಧಿನಗರದ ಒಳಗೆ, ಚಿಕ್ಕಪೇಟೆ, ಬಳೇಪೇಟೆ ಕಡೆ ಸ್ವಲ್ಪ ನಡೆದರೆ ವ್ಯತ್ಯಾಸ ತಿಳಿಯುತ್ತದೆ. ಅದು ಸಗಟು ವ್ಯಾಪಾರದ ಪೇಟೆ. ಸಾವಿರಾರು ಜನ ಅಲ್ಲಿ ದಿನವಿಡೀ ದುಡಿಯುತ್ತಾರೆ, ಅವರಿಗೆ ಬೇಗ, ಬಿಸಿ, ಕಡಿಮೆ ಬೆಲೆಗೆ ಸಿಗಬೇಕು. ಐಟಿ ಪಾರ್ಕುಗಳ ಕಡೆ ಮುಂದಿನ ಗೇಟಿನ ಫುಡ್ ಕೋರ್ಟ್ ಬಿಟ್ಟು ಹಿಂದಿನ ಗೇಟಿಗೆ ಹೋಗಿ. ಸೆಕ್ಯುರಿಟಿಯವರು, ಕ್ಯಾಬ್ ಚಾಲಕರು, ಹೌಸ್‌ಕೀಪಿಂಗ್‌ನವರು ಎಲ್ಲೋ ತಿನ್ನಲೇಬೇಕಲ್ಲ? ಅವರನ್ನೇ ಕೇಳಿ. ಆಟೋದವರನ್ನು ಕೇಳುವಾಗ ಪ್ರಶ್ನೆ ಸರಿಯಾಗಿರಲಿ. "ಒಳ್ಳೆ ಹೋಟೆಲ್ ಎಲ್ಲಿ?" ಅಂದರೆ ನಿಮ್ಮ ಬಟ್ಟೆ ನೋಡಿ ದೊಡ್ಡ ಹೋಟೆಲೇ ತೋರಿಸುತ್ತಾರೆ. "ಅಣ್ಣಾ, ನೀವು ಬೆಳಗ್ಗೆ ಎಲ್ಲಿ ತಿಂಡಿ ತಿಂದ್ರಿ?" ಅನ್ನಿ.

ಬಾಡಿಗೆಯ ಲೆಕ್ಕ ಇಲ್ಲೂ ಕೆಲಸಕ್ಕೆ ಬರುತ್ತದೆ. ಮುಖ್ಯ ರಸ್ತೆಯಿಂದ ಒಂದು ಕ್ರಾಸ್ ಒಳಗೆ ಹೋದರೆ, ನೆಲಮಾಳಿಗೆಗೋ ಮೊದಲ ಮಹಡಿಗೋ ಹತ್ತಿಳಿದರೆ ಬಾಡಿಗೆ ಇಳಿಯುತ್ತದೆ, ತಟ್ಟೆಯ ಬೆಲೆಯೂ ಇಳಿಯುತ್ತದೆ. ಸ್ವಂತ ಕಟ್ಟಡದಲ್ಲಿ ತಲೆಮಾರುಗಳಿಂದ ನಡೆಯುವ ಹೋಟೆಲಿಗಂತೂ ಬಾಡಿಗೆಯ ತಲೆನೋವೇ ಇಲ್ಲ. ಹಳೇ ಬಡಾವಣೆಗಳಾದ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಊಟ ಅಗ್ಗ ಅನಿಸಲು ಇದೂ ಒಂದು ಕಾರಣ. ಹಸಿರು ಮಾರ್ಗದ ಮೆಟ್ರೋ ಈ ಕಡೆಯೇ ಹಾಯುತ್ತದೆ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ವಿ.ವಿ. ಪುರ, ಗಾಂಧಿ ಬಜಾರ್, ಶಂಕರಪುರ ಮೂರೂ ನಡೆದು ಹೋಗುವಷ್ಟು ದೂರ.

ಮುದ್ದೆ, ಬಿರಿಯಾನಿ

ಮಾಂಸದೂಟಕ್ಕೂ ಸೂತ್ರ ಇದೇ, ಆದರೆ ಇನ್ನಷ್ಟು ಕಟ್ಟುನಿಟ್ಟು. ಮಾಂಸ ದುಬಾರಿ, ಬೇಗ ಕೆಡುತ್ತದೆ. ಆದ್ದರಿಂದ ಒಳ್ಳೆಯ ಮಿಲಿಟರಿ ಹೋಟೆಲಿನವರು ದಿನಕ್ಕೆ ಇಷ್ಟೇ ಅಂತ ಮಾಡುತ್ತಾರೆ, ಖಾಲಿಯಾದ ಮೇಲೆ ಬಾಗಿಲು ಹಾಕುತ್ತಾರೆ. ಮಧ್ಯಾಹ್ನ ಎರಡಕ್ಕೆ ಹೋದಾಗ "ಚಾಪ್ಸ್ ಮುಗೀತು, ಖೈಮಾ ಮುಗೀತು" ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಅದು ಆ ಹೋಟೆಲಿನ ಬಗ್ಗೆ ಒಳ್ಳೆಯ ಸುದ್ದಿ. ಮಾರನೇ ದಿನ ಹನ್ನೆರಡೂವರೆಗೆ ಹೋಗಿ. ಕಾಟನ್‌ಪೇಟೆ ಕಡೆಯ ಹಳೆಯ ಮಿಲಿಟರಿ ಹೋಟೆಲುಗಳು, ಜಯನಗರದ ಶಿವಾಜಿ ಮಿಲಿಟರಿ ಹೋಟೆಲು ಇವೆಲ್ಲ ಈ ಪದ್ಧತಿಯವೇ. ಮುದ್ದೆ, ಕಾಲು ಸೂಪು, ದೊನ್ನೆಯಲ್ಲಿ ಬಿರಿಯಾನಿ.

ದೊನ್ನೆ ಬಿರಿಯಾನಿಗೆ ಬಳಸುವುದು ಉದ್ದನೆಯ ಬಾಸ್ಮತಿ ಅಲ್ಲ, ಸಣ್ಣನೆಯ ಜೀರಿಗೆ ಸಾಂಬಾ ಅಕ್ಕಿ. ಕೊತ್ತಂಬರಿ, ಪುದೀನ ಜಾಸ್ತಿ ಇರುವುದರಿಂದ ಬಣ್ಣ ಹಸಿರು ತಿರುಗಿರುತ್ತದೆ. ಈಗ ಗಲ್ಲಿಗೊಂದು ದೊನ್ನೆ ಬಿರಿಯಾನಿ ಬೋರ್ಡ್ ಇದೆ. ಡೇಗಿಸ, ಅಂದರೆ ಬಿರಿಯಾನಿಯ ದೊಡ್ಡ ಪಾತ್ರೆ, ಯಾವಾಗ ತೆರೆಯುತ್ತಾರೆ ಅಂತ ಕೇಳಿ. ತೆರೆದ ಒಂದು ಗಂಟೆಯೊಳಗೆ ತಿಂದ ಬಿರಿಯಾನಿ ಬೇರೆ, ರಾತ್ರಿ ಹತ್ತಕ್ಕೆ ತಿಂದದ್ದು ಬೇರೆ. ಇದರ ತುತ್ತತುದಿ ನೋಡಬೇಕಾದರೆ ಹೊಸಕೋಟೆಗೆ ಹೋಗಿ. ಭಾನುವಾರ ನಸುಕಿನಲ್ಲೇ ಬಿರಿಯಾನಿಗೆ ಕ್ಯೂ ಹತ್ತುತ್ತದೆ, ಬಿಸಿಲೇರುವ ಹೊತ್ತಿಗೆ ಪಾತ್ರೆ ತಳ ಕಾಣುತ್ತದೆ. ಸಂಜೆಯ ಕಬಾಬು, ಪರೋಟಕ್ಕೆ ಶಿವಾಜಿನಗರವನ್ನು ಮೀರಿಸುವ ಜಾಗ ನನಗಂತೂ ಗೊತ್ತಿಲ್ಲ. ರಂಜಾನ್ ತಿಂಗಳಲ್ಲಿ ಹೋದರೆ ಇನ್ನೂ ಚೆಂದ.

ಫೋನು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಸ್ಟಾರ್ ರೇಟಿಂಗನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಆದರೆ 4.1 ಮತ್ತು 4.3ರ ನಡುವೆ ತಲೆ ಕೆಡಿಸಿಕೊಂಡು ಉಪಯೋಗವಿಲ್ಲ. ಹೋಟೆಲು ಚೆನ್ನಾಗಿದ್ದರೂ ಪಾರ್ಕಿಂಗ್ ಸಿಗಲಿಲ್ಲ ಅಂತ ಒಂದು ಸ್ಟಾರ್ ಕೊಟ್ಟವರು ಇರುತ್ತಾರೆ. ಬಿಲ್ಲಿನ ಮೇಲೆ ಡಿಸ್ಕೌಂಟ್ ಕೊಡುತ್ತೇವೆ ಅಂದಿದ್ದಕ್ಕೆ ಐದು ಕೊಟ್ಟವರೂ ಇರುತ್ತಾರೆ. ಅಂಕಿ ಬಿಟ್ಟು ಫೋಟೋ ನೋಡಿ. ಗಿರಾಕಿಗಳು ಹಾಕಿದ, ಇತ್ತೀಚಿನ ಫೋಟೋಗಳಲ್ಲಿ ಒಂದೇ ತಿಂಡಿ ಮತ್ತೆ ಮತ್ತೆ ಕಂಡರೆ ಅಲ್ಲಿ ಓಡುವುದು ಅದೇ. ಬೆಲೆಯ ಬೋರ್ಡಿನ ಫೋಟೋ ಇದ್ದರೆ ಹೋಗುವ ಮೊದಲೇ ಜೇಬು ನೋಡಿಕೊಳ್ಳಬಹುದು. ವಿಮರ್ಶೆಗಳಲ್ಲಿ ಮೂರು ಸ್ಟಾರಿನವನ್ನು ಓದಿ. ಸಿಟ್ಟೂ ಇರದ, ಹೊಗಳಿಕೆಯೂ ಇರದ ಮಾತು ಅಲ್ಲೇ ಸಿಗುತ್ತದೆ.

ಹುಡುಕುವಾಗ 'ಹತ್ತಿರದ ರೆಸ್ಟೋರೆಂಟ್' ಅನ್ನಬೇಡಿ. ತಿಂಡಿಯ ಹೆಸರು ಹಾಕಿ, ಬಡಾವಣೆಯ ಹೆಸರು ಹಾಕಿ, ಸಾಧ್ಯವಾದರೆ ಕನ್ನಡದಲ್ಲೇ ಬರೆಯಿರಿ: 'ತಟ್ಟೆ ಇಡ್ಲಿ ವಿಜಯನಗರ', 'ಖಾನಾವಳಿ ರಾಜಾಜಿನಗರ', 'ಮುದ್ದೆ ಊಟ ಯಶವಂತಪುರ'. ಬೇರೆಯದೇ ಹೆಸರುಗಳು ಬರುತ್ತವೆ. ರೀಲ್ಸ್‌ನಲ್ಲಿ ವೈರಲ್ ಆದ ಜಾಗಕ್ಕೆ ಹೋಗುವ ಆಸೆ ಇದ್ದರೆ ಎರಡು ಮೂರು ತಿಂಗಳು ತಡೆಯಿರಿ. ನೂಕುನುಗ್ಗಲು ಇಳಿದ ಮೇಲೂ ಅದು ನಡೆಯುತ್ತಿದ್ದರೆ ಹೋಗಬಹುದು.

ಇನ್ನು ಆ್ಯಪ್‌ನ ಬೆಲೆ. ಹೋಟೆಲಿನವರು ಪ್ರತಿ ಆರ್ಡರಿಗೂ ಆ್ಯಪ್ ಕಂಪನಿಗೆ ಕಮಿಷನ್ ಕೊಡಬೇಕು. ಅದನ್ನು ತುಂಬಿಕೊಳ್ಳಲು ಎಷ್ಟೋ ಹೋಟೆಲುಗಳು ಆ್ಯಪ್‌ನಲ್ಲಿ ಬೆಲೆ ಏರಿಸಿಯೇ ಹಾಕುತ್ತವೆ. ಮೇಲೆ ಪ್ಲಾಟ್‌ಫಾರಂ ಶುಲ್ಕ, ಪ್ಯಾಕಿಂಗ್, ಡೆಲಿವರಿ. 'ಐವತ್ತು ಪರ್ಸೆಂಟ್ ಆಫ್' ಬಂದ ಮೇಲೂ ಕೌಂಟರಿನ ಬೆಲೆಗಿಂತ ಜಾಸ್ತಿ ಆಗಿರುತ್ತದೆ. ಒಂದೇ ಒಂದು ಸಲ ಹೋಟೆಲಿನ ಬೋರ್ಡನ್ನೂ ಆ್ಯಪನ್ನೂ ಪಕ್ಕಪಕ್ಕ ಇಟ್ಟು ನೋಡಿ, ಸಾಕು. ನಡೆದು ಹೋಗಿ ಪಾರ್ಸಲ್ ತರುವುದು ಎಷ್ಟು ಲಾಭ ಅಂತ ಗೊತ್ತಾಗುತ್ತದೆ.

ಬಿಲ್ಲಿನ ಕೆಳಗಿನ ಸಾಲುಗಳು

ಸಾಮಾನ್ಯ ರೆಸ್ಟೋರೆಂಟಿನಲ್ಲಿ ಊಟಕ್ಕೆ ಜಿಎಸ್‌ಟಿ 5%. ಎ.ಸಿ. ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ, ಪಾರ್ಸಲ್ಲಿಗೂ ಅಷ್ಟೇ. 18% ಬರುವುದು ರೂಮ್ ಬಾಡಿಗೆ ದಿನಕ್ಕೆ 7,500 ರೂಪಾಯಿ ಮೀರಿದ ದೊಡ್ಡ ಹೋಟೆಲುಗಳ ಒಳಗಿನ ರೆಸ್ಟೋರೆಂಟಿನಲ್ಲಿ. ವರ್ಷಕ್ಕೆ 1.5 ಕೋಟಿ ರೂಪಾಯಿವರೆಗೆ ವಹಿವಾಟು ಇರುವ ಹೋಟೆಲುಗಳು ಕಾಂಪೊಸಿಷನ್ ಪದ್ಧತಿ ಆರಿಸಿಕೊಳ್ಳಬಹುದು. ಹಾಗೆ ಆರಿಸಿಕೊಂಡವರು ತೆರಿಗೆಯನ್ನು ತಾವೇ ಕಟ್ಟಬೇಕು, ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ಆ ವಿಷಯವನ್ನು ಬೋರ್ಡಿನಲ್ಲಿ ಹಾಕಿರಬೇಕು, ಬಿಲ್ಲಿನಲ್ಲೂ ನಮೂದಿಸಬೇಕು. ಅಂಥ ಬಿಲ್ಲಿನಲ್ಲಿ ಜಿಎಸ್‌ಟಿ ಅಂತ ಪ್ರತ್ಯೇಕ ಸಾಲು ಕಂಡರೆ ಕೇಳಿ.

ಸರ್ವಿಸ್ ಚಾರ್ಜ್ ಸರ್ಕಾರದ ತೆರಿಗೆ ಅಲ್ಲ. ಅದನ್ನು ಗಿರಾಕಿಯನ್ನು ಕೇಳದೆ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸೇರಿಸಿದ್ದರೆ ತೆಗೆಯಿರಿ ಅನ್ನಿ. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ನೀರಿನ ಬಾಟಲಿಯ ವಿಷಯ ಬೇರೆ. ಕೂತು ಊಟ ಮಾಡುವ ರೆಸ್ಟೋರೆಂಟಿನವರು ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳಬಹುದು ಅಂತ 2017ರ ಕೊನೆಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದ್ದರಿಂದ ಸಪ್ಲೈಯರ್ "ಬಾಟಲ್ ಕೊಡ್ಲಾ ಸಾರ್?" ಅಂದಾಗ ಸುಮ್ನೆ ತಲೆಯಾಡಿಸಬೇಡಿ. ಲೋಟದ ನೀರು ಕೊಡಿ ಅನ್ನಿ.

ಶುಚಿಯ ಮಾತು

ಅಗ್ಗದ ಕಡೆ ತಿಂದರೆ ಹೊಟ್ಟೆ ಕೆಡುತ್ತದೆ ಅನ್ನುವ ಹೆದರಿಕೆ ಇದ್ದೇ ಇರುತ್ತದೆ. ಕುದಿಯುವುದು, ಹಬೆಯಾಡುವುದು, ಕಣ್ಣೆದುರು ಕಾವಲಿಯಿಂದ ಎದ್ದದ್ದು ಹೆಚ್ಚುಕಡಿಮೆ ಸುರಕ್ಷಿತ. ತೊಂದರೆ ಕೊಡುವುದು ತಣ್ಣಗಿನ ವಸ್ತುಗಳು: ಹೊತ್ತು ಕಳೆದ ಕಾಯಿ ಚಟ್ನಿ, ಪಾನಿಪೂರಿಯ ನೀರು, ಹೆಚ್ಚಿಟ್ಟ ಹಣ್ಣು. ಅದಕ್ಕೇ ಓಟ ಕಡಿಮೆ ಇರುವ ಹೊತ್ತಿನಲ್ಲಿ ಚಟ್ನಿ ಬಿಟ್ಟು ಸಾಂಬಾರ್ ಹಾಕಿಸಿಕೊಳ್ಳುವುದು ಜಾಣತನ.

ಇಡ್ಲಿ ತಟ್ಟೆಯ ಮೇಲೆ ಬಟ್ಟೆ ಹಾಸಿದ್ದಾರಾ, ಪ್ಲಾಸ್ಟಿಕ್ ಹಾಳೆ ಹಾಸಿದ್ದಾರಾ ನೋಡಿ. 2025ರ ಫೆಬ್ರವರಿಯಲ್ಲಿ ಪರೀಕ್ಷೆ ಮಾಡಿಸಿದ ಮೇಲೆ ರಾಜ್ಯ ಆರೋಗ್ಯ ಇಲಾಖೆ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಬಳಸುವುದನ್ನು ನಿಲ್ಲಿಸಲು ಹೊರಟಿತು. ಗೋಬಿ ಮಂಚೂರಿ ಕಡುಗೆಂಪಾಗಿ ಹೊಳೆಯುತ್ತಿದ್ದರೆ ಮುಂದಕ್ಕೆ ಹೋಗಿ. 2024ರ ಮಾರ್ಚ್‌ನಲ್ಲಿ ಅದರಲ್ಲಿ ಕೃತಕ ಬಣ್ಣ ಬಳಸುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದೆ. ತಟ್ಟೆ ತೊಳೆಯುವ ಕಡೆ ಹರಿಯುವ ನೀರಿದೆಯಾ, ಒಂದೇ ಬಕೆಟ್ಟಿನಲ್ಲಿ ಎಲ್ಲವನ್ನೂ ಅದ್ದುತ್ತಿದ್ದಾರಾ ಅಂತಲೂ ಒಂದು ಕಣ್ಣು ಹಾಯಿಸಿ. ಬೀದಿ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ.

ತೀರಾ ಕೈ ಖಾಲಿಯಾದ ತಿಂಗಳ ಕೊನೆಗೆ ಇಂದಿರಾ ಕ್ಯಾಂಟೀನ್ ಇದೆ. 2017ರ ಆಗಸ್ಟ್ 16ರಂದು ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟರು. ಉಳಿದ ಖರ್ಚು ಸರ್ಕಾರದ್ದು. ಬಿಸಿಯಾಗಿರುವಾಗ, ಅಂದರೆ ಬಾಗಿಲು ತೆರೆದ ಹೊತ್ತಿಗೇ ಹೋಗಬೇಕು. ತಡವಾದರೆ ಮುಗಿದಿರುತ್ತದೆ. ಒಂದೇ ಕಡೆ ವಾಸ ಇರುವವರಿಗೆ ತಿಂಗಳ ಲೆಕ್ಕದ ಮೆಸ್ಸೂ ಆದೀತು. ಆದರೆ ಪೂರ್ತಿ ತಿಂಗಳ ದುಡ್ಡು ಕಟ್ಟುವ ಮೊದಲು ಒಂದು ವಾರ ಬಿಡಿ ಊಟ ಮಾಡಿ ನೋಡಿ. ಭಾನುವಾರ ರಾತ್ರಿ ಊಟ ಇದೆಯಾ ಅಂತ ಮರೆಯದೆ ಕೇಳಿ, ಬಹಳ ಮೆಸ್ಸುಗಳಲ್ಲಿ ಇರುವುದಿಲ್ಲ.

ಊರಿನಿಂದ ಅಪ್ಪ ಅಮ್ಮ ಬಂದಾಗ ಮಾತ್ರ ಈ ಲೆಕ್ಕವನ್ನೆಲ್ಲ ಸ್ವಲ್ಪ ಸಡಿಲಿಸಬೇಕಾಗುತ್ತದೆ. ಮಂಡಿ ನೋವಿನವರನ್ನು ಎದೆಮಟ್ಟದ ಮೇಜಿನ ಮುಂದೆ ನಿಲ್ಲಿಸಲಾಗುವುದಿಲ್ಲ. ಎಷ್ಟೋ ಸಾಗರ್ ಹೋಟೆಲುಗಳಲ್ಲಿ ಕೆಳಗೆ ಸೆಲ್ಫ್ ಸರ್ವಿಸ್, ಮೇಲೆ ಕೂತು ತಿನ್ನುವ ಹಾಲ್ ಇರುತ್ತದೆ. ಅಡುಗೆಮನೆ ಒಂದೇ, ಬೋರ್ಡು ಎರಡು. ಮೇಲಿನ ದೋಸೆಗೆ ಇಷ್ಟು ಅಂತ ಜಾಸ್ತಿ ಇರುತ್ತದೆ. ಹತ್ತುವ ಮೊದಲು ಎರಡೂ ದರ ನೋಡಿಕೊಳ್ಳಿ, ಲಿಫ್ಟ್ ಇದೆಯಾ ಕೇಳಿ. ಕೆಲವು ಕಡೆ ಕೆಳಗೇ ಗೋಡೆ ಬದಿಗೆ ನಾಲ್ಕು ಕುರ್ಚಿ ಹಾಕಿರುತ್ತಾರೆ. ಅಮ್ಮನನ್ನು ಅಲ್ಲಿ ಕೂರಿಸಿ ನೀವು ಟೋಕನ್ ತೆಗೆದುಕೊಂಡು ಬಂದರೆ ಯಾರೂ ಬೇಡ ಅನ್ನುವುದಿಲ್ಲ.